ಹಾಸು ಮುಗಿಯುವವರೆಗೆ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳಿದ್ದವು. ನಲವತ್ತು ವರ್ಷ ರೇಷ್ಮೆ ನೂಲು ಓಡಾಡಿ ಕೊರೆದ ಗೀರುಗಳು. ಯೋಚನೆಗೆ ಬಿದ್ದಾಗ ಆ ಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅಮ್ಮ ಮತ್ತು ನಾನು ಆರು ವರ್ಷ ಬಾಡಿಗೆಗಿದ್ದೆವು. ಅಪ್ಪ ತೀರಿಕೊಂಡ ಮೇಲೆ ನಮ್ಮೂರು ಬಂಡಳ್ಳಿ ಬಿಟ್ಟು ಬಂದವರು. ಗಂಡಸಿಲ್ಲದ ಮನೆಯವರೆಂದು ಬೇರೆಯವರು ಕೋಣೆ ತೋರಿಸಲೂ ಹಿಂಜರಿದಿದ್ದರು. ಇವರು ಕೇಳಿದ್ದು ಒಂದೇ, ಮಗ್ಗದ ಸದ್ದು ತಡೆದುಕೊಳ್ಳುತ್ತೀರಾ ಎಂದು. ಮಳೆಗಾಲಕ್ಕೆ ಮುಂಚೆ ತಾವೇ ಸೂರು ಹತ್ತಿ ನಮ್ಮ ಕಡೆಯ ಹೆಂಚು ಮೊದಲು ಸರಿಪಡಿಸುತ್ತಿದ್ದರು. ಹಿತ್ತಲಿಗೆ ಬರುವ ಮುನ್ನ ಎರಡು ಸಲ ಕೆಮ್ಮುತ್ತಿದ್ದರು. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು. ನಾನು ಯಜಮಾನರು ಎನ್ನುತ್ತಿದ್ದೆ, ಅದೂ ಅವರ ಬೆನ್ನ ಹಿಂದೆ.

ನಾನು ಮನೆಯಲ್ಲೇ ಓದಿಕೊಂಡು ಎಂ.ಎ. ಕೊನೆಯ ವರ್ಷದ ಪರೀಕ್ಷೆಗೆ ಕಟ್ಟಿದ್ದೆ. ಆಗಲೇ ಒಂದು ಬೆಳಿಗ್ಗೆ ಅವರು ಅಮ್ಮನಿಗೆ, ಹನೂರಿನಿಂದ ಮಗಳು ಅಳಿಯ ಬಂದು ಇಲ್ಲಿಯೇ ಮಗ್ಗ ಹಾಕುತ್ತಾರೆ, ತಿಂಗಳೊಳಗೆ ಕೋಣೆ ಬಿಟ್ಟುಕೊಡಬೇಕು ಎಂದರು. ಪರೀಕ್ಷೆಗೆ ಇನ್ನೂ ಎರಡೂವರೆ ತಿಂಗಳಿತ್ತು. ನಡುವೆ ಮನೆ ಹುಡುಕಲು ಅಲೆದರೆ ಆ ವರ್ಷ ಹೋದಂತೆಯೇ. ಅಮ್ಮನ ಹೊಲಿಗೆಯನ್ನು ನಂಬಿಕೊಂಡು ಇನ್ನೊಂದು ವರ್ಷ ಓದುವುದು ಆಗದ ಮಾತು.

ಕರಾರು ಪತ್ರ ತೆಗೆದು ನೋಡಿದೆ. ಎರಡು ತಿಂಗಳು ಮೊದಲು ಲಿಖಿತ ನೋಟಿಸು ಕೊಡತಕ್ಕದ್ದು ಎಂದಿತ್ತು. ಅಮ್ಮನಿಗೆ ಹೇಳದೆ ಅವರಿಗೊಂದು ಪತ್ರ ಬರೆದೆ. ಬಾಯಿಮಾತಿನ ನೋಟಿಸು ಊರ್ಜಿತವಲ್ಲ, ಕರಾರಿನಂತೆ ಎರಡು ತಿಂಗಳು ಕೊಡತಕ್ಕದ್ದು, ಒತ್ತಾಯಿಸಿದಲ್ಲಿ ಕಾನೂನಿನ ಮೊರೆ ಹೋಗಬೇಕಾಗುತ್ತದೆ ಎಂದೆಲ್ಲ. ಅವರಿಲ್ಲದಾಗ ಅದನ್ನು ಮಗ್ಗದ ಮೇಲಿಟ್ಟು ಬಂದೆ.

ಸಂಜೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪತ್ರ ಅವರ ಕೈಯಲ್ಲಿತ್ತು.

"ಏನೋ ಕಾಗ್ದ ಬಂದದೆ. ವಸಿ ಓದವ್ವ."

ಕರಾರಿಗೆ ರುಜು ಹಾಕಿದವರಿಗೆ ಓದಲು ಬಾರದೆಂದು ಆರು ವರ್ಷದಲ್ಲಿ ನಾನು ತಿಳಿದಿರಲಿಲ್ಲ. ಬೇರೇನೋ ಹೇಳಿಬಿಡಬಹುದಿತ್ತು. ಪೂರ್ತಿ ಓದಿದೆ, ಕೊನೆಗೆ ನನ್ನ ಹೆಸರನ್ನೂ. ಅವರು ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದರು.

"ಚೆಂದಾಗಿ ಬರ್ದಿದ್ದೀಯೆ," ಎಂದರು. ದನಿಯಲ್ಲಿ ಅಣಕವಿರಲಿಲ್ಲ. "ಪರೀಕ್ಸೆ ಯಾವಾಗ?"

ಹೇಳಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಎಲ್ಡು ತಿಂಗ್ಳು ಸಾಲಾಕಿಲ್ವಲ್ಲ. ಮತ್ಯಾಕೆ ಅಷ್ಟೇ ಕೇಳ್ದೆ?"

"ಕರಾರಲ್ಲಿ ಅಷ್ಟೇ ಇದೆ."

ಆ ಬೀದಿಯಲ್ಲಿ ನೇಕಾರ ಬಾಡಿಗೆದಾರನನ್ನು ಬಿಡಿಸುವಾಗ ಯಾರೂ ತಿಂಗಳು ಎಣಿಸುತ್ತಿರಲಿಲ್ಲ. ಮಗ್ಗಕ್ಕೆ ಏರಿಸಿದ ಹಾಸು, ಎಂದರೆ ಉದ್ದನೂಲು, ಪೂರಾ ನೇಯ್ದು ಮುಗಿಯುವವರೆಗೆ ಅವನು ಇರಬಹುದು. ಹಾಸು ಇರುವ ಮಗ್ಗವನ್ನು ಕೀಳುವಂತಿಲ್ಲ.

"ನಿಂದೂ ಮಗ್ಗದ ಮ್ಯಾಲೆ ಆಸು ಇರೋ ಲೆಕ್ಕ ಕಣವ್ವ," ಎಂದರು. "ನಂಗೆ ಅದು ಮೊದ್ಲೇ ಒಳೀನಿಲ್ಲ. ಮುಗುಸ್ಕಂಡು ಓಗು."

ಮಗಳು ಅಳಿಯ ಹೇಳಿದ ದಿನಕ್ಕೇ ಬಂದರು. ಬಿಚ್ಚಿ ತಂದಿದ್ದ ಅವರ ಮಗ್ಗ ಜಗಲಿಯ ಮೇಲೆ ಬಿತ್ತು. ಅವರಿಬ್ಬರೂ ನಡುಮನೆಯಲ್ಲಿ ಯಜಮಾನರ ಮಗ್ಗದ ಪಕ್ಕ, ಕಾಲು ಚಾಚಲಾಗದ ಜಾಗದಲ್ಲಿ ಆರೇಳು ವಾರ ಮಲಗಿದರು. "ನಮ್ಮಪ್ಪುಂಗೆ ಬಾಡ್ಗೆಯವ್ರೇ ಮಕ್ಳು. ನಾವೇ ಬಾಡ್ಗೆಯವ್ರು," ಎಂದು ಮಗಳು ನಲ್ಲಿಯ ಹತ್ತಿರ ನನಗೆ ಕೇಳುವಂತೆಯೇ ಹೇಳಿದಳು. ನಾನು ಬಿಂದಿಗೆ ತುಂಬಿಸಿಕೊಂಡು ಒಳಗೆ ಹೋದೆ, ಪುಸ್ತಕ ತೆರೆದೆ. ಪತ್ರದ ವಿಷಯವನ್ನು ಅವರು ಅಮ್ಮನಿಗೆ ಕೊನೆಗೂ ಹೇಳಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ.

ಪರೀಕ್ಷೆ ಮುಗಿದ ಮೂರನೆಯ ದಿನ ಮನೆ ಬಿಟ್ಟೆವು. ಯಳಂದೂರಿನಲ್ಲಿ ನನಗೆ ಕೆಲಸವಾಯಿತು. ಹೋಗಿ ಬರಬೇಕು ಎಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದವು.

ಅವರು ತೀರಿಕೊಂಡ ಸುದ್ದಿ ಬಂದಾಗ ಬಸ್ಸು ಹಿಡಿದು ಹೋದೆ. ನಡುಮನೆ ತುಂಬಾ ಹೆಂಗಸರು ಕೂತಿದ್ದರು. ನಾನು ಹೊಸ್ತಿಲಾಚೆಯೇ ನಿಂತೆ. ತಂದೆಯ ತಲೆಯ ಬಳಿ ಕೂತಿದ್ದ ಮಗಳು ಕಣ್ಣೆತ್ತಿ ನನ್ನನ್ನು ನೋಡಿದಳು. ಗೋಡೆಯ ಕಡೆ ಸರಿದು, ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.