ನಮ್ಮಿಬ್ಬರ ಪ್ರಾರ್ಥನೆಗಳಲ್ಲಿ ಒಂದು

ಮಗು ಬೇಡವೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ ಮೇಲೂ ನಾನು ಬಸುರಿಯಾದೆ. ಐದು ತಿಂಗಳು ಅದನ್ನು ಅವರಿಂದ ಮುಚ್ಚಿಟ್ಟೆ. ಭಕ್ತಬಾಂಧವರಿಗೆ ಮೊದಲು ನನ್ನ ಈ ತಪ್ಪನ್ನು ಹೇಳಿಕೊಂಡೇ ಮುಂದಿನದನ್ನು ಬರೆಯುತ್ತೇನೆ.

ನನ್ನ ಹೆಸರು ಜೆಸಿಂತಾ, ಊರು ಉಡುಪಿ ಹತ್ತಿರ. ಗಂಡ ಫೆಲಿಕ್ಸ್ ಜೊತೆ ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿದ್ದೇನೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ನನಗೆ ಒತ್ತಡ ಹೆಚ್ಚು. ಹೃದಯದ ಬಲಭಾಗ ದಣಿಯುತ್ತಾ ಹೋಗುವ ಕಾಯಿಲೆ. ಅದನ್ನು ಪತ್ತೆ ಮಾಡಿದವರು ಒಮಾನಿ ಹೃದಯತಜ್ಞೆ ಡಾಕ್ಟರ್ ಸಲ್ಮಾ. "ಗರ್ಭ ನಿಂತರೆ ನೀನು ಉಳಿಯುವುದು ಕಷ್ಟ" ಎಂದು ಅವರು ಆಗಲೇ ಹೇಳಿದ್ದರು.

ಆದರೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಡಾಕ್ಟರು ಒಪ್ಪಿದ್ದಾರೆಂದು ಫೆಲಿಕ್ಸಿಗೆ ಸುಳ್ಳು ಹೇಳಿದೆ. ಚೆಕಪ್ಪಿಗೆಂದು ಬಸ್ಸು ಹತ್ತಿ ಘಾಲಾದ ಚರ್ಚಿನಲ್ಲಿ ಕೂತು ಬರುತ್ತಿದ್ದೆ. ಮಗುವಿಗೆ ತೊಂದರೆಯಾದೀತೆಂದು ಮಾತ್ರೆಗಳನ್ನೂ ಬಿಟ್ಟೆ. ದೇವಮಾತೆಯ ಮುಂದೆ ಪ್ರತಿಸಲವೂ ಒಂದೇ ಬೇಡಿಕೆ: "ನನ್ನನ್ನು ಬೇಕಾದರೆ ಕರೆದುಕೋ ತಾಯೇ, ಮಗುವನ್ನು ಉಳಿಸು."

ಕಳೆದ ರಂಜಾನಿನ ಎರಡನೇ ವಾರ, ಮಧ್ಯಾಹ್ನ, ಫ್ಲ್ಯಾಟಿನ ಮೆಟ್ಟಿಲಲ್ಲಿ ಉಸಿರು ಸಿಗದೆ ಬಿದ್ದೆ. ತುಟಿ ನೀಲಿಯಾಗಿತ್ತಂತೆ. ಆಸ್ಪತ್ರೆಯಲ್ಲಿ ಡಾಕ್ಟರ್ ಸಲ್ಮಾ ನನ್ನ ಹೊಟ್ಟೆ ನೋಡಿದರು, ಮುಖ ನೋಡಿದರು.

"ಯಾಕೆ ಹೇಳಲಿಲ್ಲ, ಜೆಸಿಂತಾ?"

ನಾನು ಅತ್ತೆ. ಮತ್ತೆ ಒಂದು ದಿನವೂ ಅವರು ಅದನ್ನು ಕೇಳಲಿಲ್ಲ. ಹನ್ನೊಂದು ದಿನ ನನ್ನ ಉಸಿರನ್ನು ಕಾದರು. ಉಪವಾಸ ಬಿಡುವ ಹೊತ್ತಿಗೆ ನನ್ನ ಮಾನಿಟರಿನ ಪಕ್ಕ ನಿಂತೇ ಒಂದು ಖರ್ಜೂರ ತಿಂದು ನೀರು ಕುಡಿಯುತ್ತಿದ್ದರು. ಹನ್ನೆರಡನೆಯ ದಿನ ಇನ್ನು ಕಾಯುವಂತಿಲ್ಲವೆಂದು ಆಪರೇಷನ್ ಮಾಡಿಸಿದರು. ನನಗೆ ಆಗಿನ್ನೂ ಏಳನೇ ತಿಂಗಳು ಶುರುವಾಗಿತ್ತಷ್ಟೆ.

ಹೆಣ್ಣುಮಗು. ಫೆಲಿಕ್ಸ್ ಕೇಳಿಕೊಂಡಾಗ ಕೇರಳದ ನರ್ಸೊಬ್ಬರು ಸಿರಿಂಜಿನಿಂದ ಹಣೆಯ ಮೇಲೆ ಮೂರು ಹನಿ ನೀರು ಬಿಟ್ಟು ದೀಕ್ಷಾಸ್ನಾನ ಕೊಟ್ಟರು. ಅನಿಟಾ ಎಂದು ಹೆಸರಿಟ್ಟೆವು. ಮೂರು ದಿನ ಬದುಕಿದಳು. ಅವಳನ್ನು ಮಣ್ಣಿಗೆ ಇಡುವಾಗ ನಾನು ಐಸಿಯುನಲ್ಲಿದ್ದೆ. ಮಗಳನ್ನು ನಾನು ನೋಡಿದ್ದು ಫೆಲಿಕ್ಸಿನ ಮೊಬೈಲಿನಲ್ಲಿ ಮಾತ್ರ.

ನಾನು ಬಾಯಿ ಬಿಗಿಹಿಡಿದೆ. ಮಾತ್ರೆ ಬೇಡ, ಜಪಸರ ಬೇಡ. ಡಾಕ್ಟರ್ ಸಲ್ಮಾ ಕುರ್ಚಿ ಎಳೆದು ಕೂತರು.

"ನಾಳೆಯದು ನಾಳೆ ನೋಡೋಣ. ಇವತ್ತಿನದೊಂದು ನುಂಗು. ನೀನು ನುಂಗುವವರೆಗೆ ನಾನು ಏಳುವುದಿಲ್ಲ."

ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಆದರೂ ಡಾಕ್ಟರ್ ಏಳಲಿಲ್ಲ. ಕೊನೆಗೆ ನುಂಗಿದೆ. ಆರು ದಿನ ಹೀಗೇ ನಡೆಯಿತು.

ಏಳನೆಯ ದಿನ ಫೆಲಿಕ್ಸಿಗೆ ಹೇಳಿದೆ, "ತಾಯಿ ನನ್ನ ಮಾತು ಕೇಳಲಿಲ್ಲ."

ಅವರು ಮಂಚದ ಅಂಚಿಗೆ ಬಂದು ಕೂತರು. "ನಾನು ಬೇರೆ ಬೇಡಿದ್ದೆ ಮಾರಾಯ್ತಿ. ನಿನ್ನನ್ನು ಉಳಿಸು ಅಂತ. ಮಗುವಿನ ವಿಷಯ ಎತ್ತಲೇ ಇಲ್ಲ. ಈಗ ಅವಳ ಮುಖ ನೆನಪಾದರೆ ತಡೀಲಿಕ್ಕೆ ಆಗುದಿಲ್ಲ."

ನಾನು ಬದುಕುತ್ತೇನೆಂದು ಡಾಕ್ಟರ್ ಸಲ್ಮಾಗೂ ನಂಬಿಕೆಯಿರಲಿಲ್ಲವಂತೆ. ಆಪರೇಷನ್ನಿಗೆ ಮುಂಚೆ ಫೆಲಿಕ್ಸಿಗೆ ಹಾಗೆಂದು ಹೇಳಿದ್ದರು. ಅದನ್ನು ತಿಳಿದೂ ಫೆಲಿಕ್ಸ್ ಕಾರಿಡಾರಿನಲ್ಲಿ ಒಬ್ಬರೇ ಮೊಣಕಾಲೂರಿದ್ದರು. ಅಲ್ಲಿಯವರೆಗೂ ನನ್ನ ಪ್ರಾಣಕ್ಕೆ ಬೆಲೆಯಿದೆಯೆಂದು ನನಗೇ ಅನ್ನಿಸಿರಲಿಲ್ಲ. ಅವರ ತಲೆಯನ್ನು ಎದೆಗೆ ಒತ್ತಿಕೊಂಡೆ. ಮಗಳು ಹೋದ ಮೇಲೆ ನಾವು ಒಟ್ಟಿಗೆ ಅತ್ತದ್ದು ಅಂದೇ ಮೊದಲು.

ಈಗ ಒಂದು ವರ್ಷ. ಒಂದು ಮಹಡಿ ನಿಲ್ಲದೆ ಹತ್ತುತ್ತೇನೆ, ಮಾತ್ರೆ ತಪ್ಪಿಸುವುದಿಲ್ಲ. ಉಳಿಸಿದ ತಾಯಿಗೆ, ಆ ಡಾಕ್ಟರಮ್ಮನನ್ನು ನನ್ನ ಬಳಿ ಕೂರಿಸಿದ ತಾಯಿಗೆ ಸ್ತೋತ್ರ. ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ, ನೋವು ಕಡಿಮೆಯಾಗಿಲ್ಲ. ಶುಕ್ರವಾರದ ಪೂಜೆಯಲ್ಲಿ, ದೇವರ ಇಚ್ಛೆಯಂತೆ ಆಗಲಿ ಎಂದು ಹೇಳುವಲ್ಲಿ ನನ್ನ ದನಿ ಇನ್ನೂ ನಿಂತುಹೋಗುತ್ತದೆ. ಆಗ ಆ ಸಾಲನ್ನು ಫೆಲಿಕ್ಸ್ ಇಬ್ಬರ ಪರವಾಗಿ ಹೇಳುತ್ತಾರೆ.