ಗಾಜಿನ ಮೂಲೆಯಲ್ಲೊಂದು ತುಟಿಯ ಗುರುತು

ಬೆಳಕು ಹರಿಯುವ ಹೊತ್ತಿಗಾಗಲೇ ವೀಕ್ಷಣಾಲಯದ ನೆಲಮಾಳಿಗೆಯ ಬಾಗಿಲು ತೆರೆದಿದೆ. ದೀಪದ ಮೇಜಿನ ಮುಂದೆ ಕೂತ ಹೆಂಗಸೊಬ್ಬರು ಗಾಜಿನ ಹಲಗೆಯೊಂದನ್ನು ಎತ್ತಿ ಹಿಡಿದು, ಮೆತ್ತನೆಯ ಬಟ್ಟೆಯಿಂದ ಅದರ ಬೆನ್ನು ಒರೆಸುತ್ತಿದ್ದಾರೆ. ಇಲ್ಲಿ ಎಲ್ಲರ ಬಾಯಲ್ಲೂ ಅವರು ‘ಗಾಜಿನಮ್ಮ’. ಹಿಂದೆ ದೂರದರ್ಶಕದಿಂದ ತೆಗೆದ ಫೋಟೊಗಳೆಲ್ಲ ಇಂಥ ಗಾಜಿನ ಮೇಲೇ ಇವೆ. ಅವನ್ನು ಶುಚಿ ಮಾಡಿ ಸ್ಕ್ಯಾನಿಂಗಿಗೆ ಕೊಡುವುದು ಅವರ ಕೆಲಸ.

ಇಂದು ಕೈಯಲ್ಲಿರುವುದು ನಮ್ಮ ನೆರೆಯ ಸುರುಳಿ ಗ್ಯಾಲಕ್ಸಿ. ಗಾಜಿನಲ್ಲಿ ಬೆಳಕೆಲ್ಲ ಕಪ್ಪು, ಕತ್ತಲೆಲ್ಲ ತಿಳಿ. “ಕೋಟಿಗಟ್ಟಲೆ ನಕ್ಷತ್ರ ಅಂತೆ. ನನ್ನ ಕಣ್ಣಿಗೆ ಮಸಿ ಚೆಲ್ಲಿದ ಹಾಗಿದೆ” ಎಂದು ನಗುತ್ತಾರೆ.

ಇದನ್ನು ತೆಗೆದವರು ಅವರ ಯಜಮಾನರು. ಕತ್ತಲ ಕೋಣೆಯಲ್ಲಿ ಗಾಜಿನ ಯಾವ ಬದಿಗೆ ಫೋಟೊ ಮೂಡುವ ಲೇಪವಿದೆಯೆಂದು ಕಣ್ಣಿಗೆ ಕಾಣದು. ಮೂಲೆಯನ್ನು ತುಟಿಗಳ ನಡುವೆ ಹಿಡಿದರೆ ಲೇಪದ ಬದಿ ಅಂಟುತ್ತದೆ. ಆ ತೇವಕ್ಕೆ ಬಿದ್ದ ಕಲೆ ಮತ್ತೆ ಹೋಗುವುದಿಲ್ಲ.

“ಬೆಳಗ್ಗೆ ಬಂದವರೇ ತುಟಿಯೆಲ್ಲ ಕಹಿ ಅನ್ನೋರು. ರಾತ್ರಿಯೆಲ್ಲ ಯಾರಿಗೆ ಮುತ್ತು ಕೊಟ್ರಿ ಅಂತ ಕಾಡಿಸ್ತಿದ್ದೆ. ಗ್ಯಾಲಕ್ಸಿಗೆ ಅನ್ನೋರು. ಸವತಿ ಅಂದ್ರೆ ಇಂಥವಳಿರ್ಬೇಕು ನೋಡಿ, ಮನೆ ಬಾಗಿಲಿಗೆ ಬರೋ ಭಯ ಇಲ್ಲ!”

ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವರ ಕತ್ತಲ ಕೋಣೆಯಲ್ಲಿ ಪೊರಕೆ, ಬಕೆಟ್ಟುಗಳು ಸಂಸಾರ ಹೂಡಿವೆ.

ಸ್ಕ್ಯಾನ್ ಆದ ಗಾಜುಗಳು ದೂರದ ಗೋದಾಮಿಗೆ ಹೋಗುತ್ತವೆ. ಉಳಿಯುವುದು ಕಂಪ್ಯೂಟರಿನ ಚಿತ್ರ ಮಾತ್ರ. ಅದಕ್ಕೂ ಮೇಲಿನಿಂದ ಅಪ್ಪಣೆಯಾಗಿದೆ: ಕಲೆಯಿರುವ ಮೂಲೆಗಳನ್ನು ಕತ್ತರಿಸಿಬಿಡಿ. ಇಷ್ಟು ದಿನ ಗಾಜಿನಮ್ಮ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದ್ದಾರೆ.

ಸ್ಕ್ಯಾನ್ ಮಾಡುವ ಹುಡುಗಿ ಗಾಜನ್ನು ಯಂತ್ರದ ಮೇಲಿಡುತ್ತಾಳೆ. “ಈ ಮೂಲೇಲಿ ಒಂದು ನಕ್ಷತ್ರಾನೂ ಇಲ್ಲ ಅಮ್ಮ. ಕತ್ತರಿಸ್ಲಾ?”

ಗಾಜಿನಮ್ಮ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.

“ಇದೊಂದನ್ನ ಬಿಟ್ಟುಬಿಡು ಮಗಳೇ. ಆಕಾಶದಲ್ಲಿರೋದನ್ನೆಲ್ಲ ಫೋಟೊ ತೆಗೆದ ಮನುಷ್ಯ, ತಾನು ಮಾತ್ರ ಒಂದು ಫೋಟೊಗೂ ನಿಲ್ಲಲಿಲ್ಲ. ಗೋಡೆಗೆ ಹಾಕೋಣ ಅಂದ್ರೆ ಮನೇಲಿ ಏನೂ ಇಲ್ಲ.”

ಹುಡುಗಿ ಚೌಕಟ್ಟಿನ ಗೆರೆಯನ್ನು ಮೂಲೆಯ ತುದಿಯವರೆಗೂ ಎಳೆದು ಗುಂಡಿ ಒತ್ತುತ್ತಾಳೆ. ಪರದೆಯ ಮೇಲೆ ಗ್ಯಾಲಕ್ಸಿ ಸುರುಳಿ ಸುರುಳಿಯಾಗಿ ಮೂಡಿಬರುತ್ತದೆ. ಗಾಜಿನಮ್ಮ ಅದರ ಕಡೆ ಕಣ್ಣೆತ್ತಿಯೂ ನೋಡದೆ ಮೂಲೆಯ ಕಲೆಗೆ ಬೆರಳಿಡುತ್ತಾರೆ.

“ನಮ್ಮನೆಯವರು” ಎನ್ನುತ್ತಾರೆ. “ಚೆನ್ನಾಗಿ ಬಂದಿದ್ದಾರೆ, ಅಲ್ವಾ?”