ಮಾಗಿಯಲ್ಲಿ ಬಿಡಿಸಿದ ನೀರು

ಗಿರಿಜಾ, ನಿನ್ನ ವೀಳ್ಯದೆಲೆ ಬಳ್ಳಿ ಕೊಳೆತದ್ದು ನಿನ್ನ ಕೈಗುಣದಿಂದಲ್ಲ. ನಾನು ಕೊಳೆಸಿದೆ—ಬೇಕೆಂದೇ, ನಿನ್ನ ಕೈಯಿಂದಲೇ ನೀರು ಬಿಡಿಸಿ.

ನಾದಿನಿ ಬಸುರಿಯಾಗಿದ್ದಾಗ ಬಳೆ ತೊಡಿಸುವ ಶಾಸ್ತ್ರಕ್ಕೆ ಊರ ಹೆಂಗಸರೆಲ್ಲ ಸೇರಿದ್ದರು. ನಾನು ಬಳೆಯ ತಟ್ಟೆ ಎತ್ತಿಕೊಂಡೆ. ನೀನು, ಮನೆಗೆ ಬಂದು ವರ್ಷ ತುಂಬದ ವಾರಗಿತ್ತಿ, ಅದನ್ನು ಕಿತ್ತುಕೊಂಡೆ. "ನೀವು ಬುಡ್ರಕ್ಕ. ಕೂಸು ಮಣ್ಣಿಗಿಟ್ಟ ಕೈ ಅದು, ಇದಕ್ಯಾಕೆ?"

ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಆದರೆ ಆ ಮಾತು—ಆಮೇಲೆ ನನಗೆ ಮಗ ಹುಟ್ಟಿ ಉಳಿದರೂ ಅದು ಆರಲಿಲ್ಲ.

ಭಾಗವಾದಾಗ ಕೆರೆ ಕೆಳಗಿನ ತೆಂಗಿನ ತೋಟ ನಿಮ್ಮ ಪಾಲಿಗೆ ಬಂತು. ಪಂಪ್‌ಸೆಟ್ ಬಂದ ಹೊಸತು. ಗುಂಡಿ ಒತ್ತಿದರೆ ನೀರು. ಮರಗಳ ನಡುವೆ ನೀನು ಎಲೆಬಳ್ಳಿ ಹಬ್ಬಿಸಿದೆ. ತುರುವೇಕೆರೆಯ ಅಂಗಡಿಯವರ ಮಗಳು, ಮಣ್ಣು ಮುಟ್ಟಿದವಳಲ್ಲ—ಆದರೂ ಚೆನ್ನಾಗಿ ಬೆಳೆಸಿದ್ದೆ. ಗಂಡನ ಮುಂದೆ ಕೈಚಾಚಬಾರದು ಎನ್ನುವ ಹಟ ನಿನಗೆ. ಅದು ನನಗೆ ಗೊತ್ತಿತ್ತು.

ಮಾಗಿ ಚಳಿ ಹಿಡಿದಾಗ ನೀನು ಬೇಲಿ ಹತ್ತಿರ ಬಂದು ಕೇಳಿದೆ. "ಅಕ್ಕಾ, ಚಳಿಗಾಲದಾಗೆ ನೀರು ಕಮ್ಮಿ ಮಾಡ್ಬೇಕಾ?"

ಮಾಡಬೇಕು. ಮಾಗಿಯಲ್ಲಿ ಮರದ ನೆರಳಿನ ನೆಲ ಬೇಗ ಆರುವುದಿಲ್ಲ, ಇಬ್ಬನಿ ಬೇರೆ. ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ಬಿಡಬೇಕು. ಅತ್ತೆ ನನಗೆ ಕಲಿಸಿದ್ದರು. ನಿನಗೆ ಕಲಿಸುವ ಮೊದಲೇ ಹೋದರು.

"ಅಯ್ಯೋ, ಕಮ್ಮಿ ಮಾಡೀಯ! ಬ್ಯಾಸ್ಗೇಲಿ ಬುಟ್ಟಂಗೇ ಬುಡು ಕಣೇ. ಚಳಿಗೂ ಬೇರು ಒಣಗ್ತದೆ," ಅಂದೆ ನಾನು.

ನಂಬಿದೆ ನೀನು. ಎಲೆ ಹಳದಿಯಾದಾಗ ಮತ್ತೆ ಓಡಿಬಂದೆ. ಆಗಲಾದರೂ ಹೇಳಿದ್ದರೆ ಬಳ್ಳಿ ಉಳಿಯುತ್ತಿತ್ತೋ ಏನೋ—ಹೇಳಲಿಲ್ಲ. "ನೋಡ್ದಾ, ನೀರು ಸಾಲ್ದು. ಇನ್ನೊಸಿ ಬುಡು." ಅವತ್ತು ನಿನ್ನ ಮೋಟಾರಿನ ಸದ್ದು ಕೇಳುತ್ತಾ ಉಂಡ ಮುದ್ದೆ ರುಚಿಯಾಗಿತ್ತು. ಪಾಪ ಅನ್ನಿಸಲಿಲ್ಲ. ಸುಳ್ಳೇಕೆ?

ಬಳ್ಳಿ ಬುಡ ಕಪ್ಪಾಗಿ, ಹಿಡಿದರೆ ಕೈಗೇ ಕಿತ್ತುಬಂತು. ಗಿರಿಜಾಳ ಕೈ ಸರಿಯಿಲ್ಲ ಅಂದರು ಊರವರು. ಮೊದಲು ಅಂದವಳು ನಾನೇ. ನನ್ನ ಕೈಗೆ ನೀನು ಹಚ್ಚಿದ ಹೆಸರು ನಿನ್ನ ಕೈಗೂ ಹತ್ತಲಿ—ಅಷ್ಟೇ ನನಗೆ ಬೇಕಿದ್ದದ್ದು.

ಆದರೆ ನೀನೇ ಅದನ್ನು ನಂಬಿಬಿಟ್ಟೆ. ಆಮೇಲೆ ಒಂದು ತುಳಸಿಯನ್ನೂ ನೆಡಲಿಲ್ಲ. ನಿನ್ನ ಸ್ವಂತ ಸೊಸೆಗೆ ಬಳೆ ತೊಡಿಸುವ ದಿನವೂ ಬಾಗಿಲ ಹಿಂದೆ ನಿಂತೆ. "ನನ್ ಕೈ ಬ್ಯಾಡ ಕಣವ್ವ, ಅಕ್ಕ ತೊಡುಸ್ಲಿ." ನಾನೇ ತೊಡಿಸಿದೆ. ಗೆದ್ದಿದ್ದೆ, ಆದರೂ ಆ ಹುಡುಗಿಯ ಕೈ ಹಿಡಿದಾಗ ನನ್ನ ಕಣ್ಣು ಬಾಗಿಲ ಹಿಂದಿದ್ದ ನಿನ್ನ ಕಡೆಗೇ ಹೋಯಿತು.

ನೀನು ಅಂದ ಮಾತನ್ನು ನಾನು ಕ್ಷಮಿಸಿಲ್ಲ. ನನ್ನನ್ನು ನೀನು ಕ್ಷಮಿಸು ಎಂದೂ ಕೇಳುವುದಿಲ್ಲ. ಆದರೆ ಇದನ್ನು ನಿನ್ನ ಕಿವಿಗಷ್ಟೇ ಹೇಳಿದರೆ ಸಾಲದು. ನಿನ್ನ ಕೈಗೆ ಹೆಸರಿಟ್ಟ ಹೆಂಗಸರೆಲ್ಲ ಸೇರಿದ ಕಡೆ, ಎದ್ದು ನಿಂತು ಹೇಳುತ್ತೇನೆ. ಆಮೇಲೆ ನೀನು ನನ್ನ ಹೊಸಿಲು ತುಳಿಯದಿದ್ದರೂ ಸರಿ.